ಹೇರು ಹೊತ್ತ ಹರಿಗೋಲು

ಸಾಣಾಪುರದ ಕೆರೆಯ ದಂಡೆಯಲ್ಲಿ ಚಳಿಗಾಲದ ಒಂದು ಭಾನುವಾರ ಕುಳಿತಿದ್ದಾಗ, ಪ್ರವಾಸಿಗರನ್ನು ಹೊತ್ತ ಹರಿಗೋಲೊಂದು ನೀರಿನ ನಡುವೆ ನಿಂತು ಬುಗುರಿಯಂತೆ ಗಿರಗಿರನೆ ತಿರುಗತೊಡಗಿತು. ಒಳಗಿದ್ದ ಹುಡುಗ ಹುಡುಗಿಯರು ಅಂಚನ್ನು ಗಟ್ಟಿಯಾಗಿ ಹಿಡಿದು ಕೇಕೆ ಹಾಕುತ್ತಿದ್ದರು. ಅಂಬಿಗನು ಹುಟ್ಟನ್ನು ಒಂದೇ ಮಗ್ಗುಲಲ್ಲಿ ಆಳಕ್ಕೆ ಇಳಿಸಿ, ಬೀಸುವ ಕಲ್ಲಿನ ಗೂಟ ಹಿಡಿದವರಂತೆ, ಬೇಸರವೂ ಇಲ್ಲದ ಉತ್ಸಾಹವೂ ಇಲ್ಲದ ಮುಖದಲ್ಲಿ ಅದನ್ನು ತಿರುಗಿಸುತ್ತಲೇ ಇದ್ದ. ಹೀಗೆ ತಿರುಗಿಸುವುದಕ್ಕೆ ಕೆಲವರು ಮೇಲೊಂದಿಷ್ಟು ಹಣವನ್ನೂ ಕೊಡುತ್ತಾರೆ. ನಮ್ಮಜ್ಜ ಬದುಕಿದ್ದು ಇದನ್ನು ಕಂಡಿದ್ದರೆ ದಂಡೆಯ ಮೇಲಿನಿಂದಲೇ ಆ ಅಂಬಿಗನಿಗೆ ನಾಲ್ಕು ಮಾತು ಅನ್ನದೆ ಬಿಡುತ್ತಿರಲಿಲ್ಲ. ಅವನ ಕಾಲದಲ್ಲಿ ಹರಿಗೋಲು ತಿರುಗಿತೆಂದರೆ ಅಂಬಿಗನ ಕೈ ಸೋತಿತು ಎಂದು ಅರ್ಥ. ತಿರುಗದಂತೆ ಅದನ್ನು ಆಚೆ ದಡಕ್ಕೆ ಮುಟ್ಟಿಸುವುದೇ ಅಂಬಿಗನ ವಿದ್ಯೆ, ಅದಕ್ಕೇ ಅವನಿಗೆ ಕೂಲಿ.

ಈ ತಿರುಗುವ ಗುಣವನ್ನು ನಮಗಿಂತ 500 ವರ್ಷ ಮೊದಲೇ ಒಬ್ಬ ಪರದೇಶಿ ಬರೆದಿಟ್ಟಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ರಾಜಧಾನಿಯಿಂದ ಆಚೆ ದಡದ ಆನೆಗೊಂದಿಗೆ ಹೋಗುವವರು ಬುಟ್ಟಿಯಂತೆ ದುಂಡಗಿರುವ ದೋಣಿಗಳಲ್ಲಿ ತುಂಗಭದ್ರಾ ಹೊಳೆಯನ್ನು ದಾಟುತ್ತಾರೆಂದು ಹೇಳುತ್ತಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ, ಹದಿನೈದು ಇಪ್ಪತ್ತು ಜನ ಕೂಡುವಷ್ಟು ಜಾಗ. ಬೇಕಾದರೆ ಕುದುರೆ ಎತ್ತುಗಳನ್ನೂ ಅದರಲ್ಲಿ ಸಾಗಿಸಬಹುದು, ಆದರೆ ಆ ಪ್ರಾಣಿಗಳು ಸಾಮಾನ್ಯವಾಗಿ ಈಸಿಯೇ ದಾಟುತ್ತವೆ. ಈ ದೋಣಿಗಳು ಬೇರೆ ದೋಣಿಗಳಂತೆ ನೆಟ್ಟಗೆ ಹೋಗಲಾರದೆ ಸದಾ ತಿರುಗುತ್ತಲೇ ಸಾಗುತ್ತವೆ ಎಂಬುದನ್ನು ಅವನು ಗಮನಿಸಿದ್ದಾನೆ, ಈ ರಾಜ್ಯದ ಹೊಳೆಗಳಲ್ಲಿ ಇವನ್ನು ಬಿಟ್ಟರೆ ಬೇರೆ ದೋಣಿಗಳೇ ಇಲ್ಲ ಎಂದೂ ಸೇರಿಸಿದ್ದಾನೆ. ಗೋವೆಯ ಕಡಲಿನಲ್ಲಿ ಹಾಯಿ ಹಡಗುಗಳನ್ನು ಕಂಡು ಬಂದವನಿಗೆ ನಮ್ಮ ಹರಿಗೋಲು ವಿಚಿತ್ರವಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ನನಗೆ ಮುಖ್ಯವೆನಿಸುವುದು ಅವನ ಕೊನೆಯ ಮಾತು. ಅಷ್ಟು ದೊಡ್ಡ ರಾಜಧಾನಿ, ಅಷ್ಟೊಂದು ಪೇಟೆಗಳು, ಎರಡೂ ದಂಡೆಗಳಲ್ಲಿ ಊರುಗಳು. ಇವುಗಳ ನಡುವಿನ ಹೊಳೆಯಲ್ಲಿ ಸರಕು ದಾಟಿಸುವ ಭಾರವೆಲ್ಲ ಈ ಬುಟ್ಟಿಯ ಮೇಲಿತ್ತು.

ಹರಿಗೋಲಿನ ಬಗ್ಗೆ ಇಂದು ಬರೆಯುವವರೆಲ್ಲ ಅದನ್ನು ವಿಹಾರದ ವಸ್ತುವೆಂದೇ ಬರೆಯುತ್ತಾರೆ. ಅದು ಮೂಲತಃ ಸರಕಿನ ದೋಣಿ ಎಂಬುದನ್ನು ನಾವು ಮರೆತಿದ್ದೇವೆ. ಜನರು ಹತ್ತುತ್ತಿದ್ದರು, ನಿಜ. ಆದರೆ ಜನರೂ ಮೂಟೆಗಳ ಜೊತೆ ಒಂದು ಮೂಟೆಯಾಗಿಯೇ ಕೂಡುತ್ತಿದ್ದರು. ಪುರಂದರದಾಸರು ಅಂಬಿಗನನ್ನು ಕರೆದು ಹಾಡುವಾಗ ‘ತುಂಬಿದ ಹರಿಗೋಲು’ ಎನ್ನುತ್ತಾರೆ, ಅದಕ್ಕೆ ಒಂಬತ್ತು ಛಿದ್ರಗಳಿವೆ ಎನ್ನುತ್ತಾರೆ. ನವದ್ವಾರಗಳ ದೇಹದ ರೂಪಕವೆಂದು ಹರಿಕಥೆಯಲ್ಲಿ ವಿವರಿಸುವುದನ್ನು ನಾವೆಲ್ಲ ಕೇಳಿದ್ದೇವೆ. ಹಂಪಿಯ ಹೊಳೆದಂಡೆಯಲ್ಲಿ ಅವರ ಹೆಸರಿನ ಮಂಟಪದ ಎದುರು ನಿಂತು ಅದೇ ಸಾಲನ್ನು ನೆನೆದರೆ ರೂಪಕಕ್ಕಿಂತ ಮೊದಲು ವಸ್ತುವೇ ಕಣ್ಣಿಗೆ ಕಟ್ಟುತ್ತದೆ: ಅಂಚಿನವರೆಗೆ ಹೇರು ತುಂಬಿಕೊಂಡ, ತಳದಲ್ಲಿ ಅಲ್ಲಲ್ಲಿ ಸೋರುವ ಒಂದು ಹರಿಗೋಲು, ಮತ್ತು ಸೆಳವಿನ ಹೊಳೆ.

ಆನೆಗೊಂದಿಯ ಹತ್ತಿರದ ದಂಡೆಯೊಂದರಲ್ಲಿ ಕೆಲವು ವರ್ಷಗಳ ಹಿಂದೆ ಹರಿಗೋಲು ಹೆಣೆಯುವುದನ್ನು ಎರಡು ದಿನ ಕುಳಿತು ನೋಡಿದ್ದೆ. ಹಸಿ ಬಿದಿರನ್ನು ಉದ್ದಕ್ಕೆ ಸೀಳಿ ಮಾಡಿದ ದಬ್ಬೆಗಳನ್ನು ಸಮನೆಲದ ಮೇಲೆ ಮೂರು ದಿಕ್ಕಿನಿಂದ ಹಾಸಿ, ಒಂದರ ಮೇಲೊಂದು ಒಂದರ ಕೆಳಗೊಂದು ಹಾಯಿಸುತ್ತ ಬಂದರೆ ನಡುವೆ ಆರು ಮೂಲೆಯ ಕಿಂಡಿಗಳು ಮೂಡುತ್ತವೆ, ನೋಡಲು ಜೇನುಹುಟ್ಟಿನಂತಿರುತ್ತದೆ. ತಳದ ಅಗಲಕ್ಕೆ ಬೇಕಾದಷ್ಟು ಹೆಣೆದಾದ ಮೇಲೆ ಅದರ ನಡುವೆ ಹೊಳೆಯ ಗುಂಡುಕಲ್ಲುಗಳನ್ನು ಪೇರಿಸುತ್ತಾರೆ. ಕಲ್ಲಿನ ಭಾರ ತಳವನ್ನು ನೆಲಕ್ಕೆ ಒತ್ತಿ ಹಿಡಿದಿರುವಾಗ, ಸುತ್ತಲೂ ಚಾಚಿಕೊಂಡಿರುವ ದಬ್ಬೆಯ ತುದಿಗಳನ್ನು ನೀರು ಚಿಮುಕಿಸಿ ಮೆತ್ತಗೆ ಮಾಡಿ ಮೇಲಕ್ಕೆ ಬಗ್ಗಿಸುತ್ತ, ಅಡ್ಡ ದಬ್ಬೆಗಳಿಂದ ಸುತ್ತು ಹಾಕುತ್ತ ಗೋಡೆಯನ್ನು ಎಬ್ಬಿಸುತ್ತಾರೆ. ಕೊನೆಯಲ್ಲಿ ಅಂಚಿಗೆ ಹಲವು ದಬ್ಬೆಗಳನ್ನು ಜಡೆಯಂತೆ ಹೆಣೆದು ದಪ್ಪನೆಯ ಕಟ್ಟು ಕೊಡುತ್ತಾರೆ. ಇಡೀ ಕೆಲಸದಲ್ಲಿ ಒಂದು ಮೊಳೆ ಇಲ್ಲ. ಮರದ ದೋಣಿಗೆ ಇರುವ ಬೆನ್ನೆಲುಬಿನ ದಿಮ್ಮಿಯೂ ಇಲ್ಲ, ಮೂತಿಯೂ ಇಲ್ಲ, ಬಾಲವೂ ಇಲ್ಲ. ಹೆಣೆಯುತ್ತಿದ್ದ ಹಿರಿಯರು ಕಲ್ಲುಗಳನ್ನು ಇಳಿಸಿದ ಮೇಲೆ ಅಂಚಿನ ಮೇಲೆ ಕಾಲಿಟ್ಟು ಜೋರಾಗಿ ಒತ್ತಿದರು. ಅದು ಬಾಗಿತು, ಕಾಲು ತೆಗೆದೊಡನೆ ಮತ್ತೆ ದುಂಡಗಾಯಿತು. “ಕಲ್ಲಿಗೆ ಬಡಿದ್ರ ಹಿಂಗ ನೋಡ್ರಿ, ಮುರಿಯಂಗಿಲ್ಲ, ಸರಿದ್ಹೋಕ್ಕೈತಿ” ಎಂದರು.

ಹಂಪಿಯಿಂದ ಕೆಳಗೆ ತುಂಗಭದ್ರೆಯ ಪಾತ್ರವನ್ನು ಬೇಸಿಗೆಯಲ್ಲಿ ನೋಡಿದವರಿಗೆ ಆ ಮಾತು ಅರ್ಥವಾಗುತ್ತದೆ. ಬಂಡೆಗಳ ಸಂದಿಯಲ್ಲಿ ಹೊಳೆಯಿದೆಯೋ ಹೊಳೆಯ ಸಂದಿಯಲ್ಲಿ ಬಂಡೆಗಳಿವೆಯೋ ಹೇಳುವುದು ಕಷ್ಟ. ಮರದ ಹಡಗು ಇಲ್ಲಿ ಒಂದು ಮಳೆಗಾಲವನ್ನೂ ಕಳೆಯಲಾರದು.

ಹೆಣಿಗೆ ಮುಗಿದ ಮೇಲೆ ಹೊದಿಕೆ. ಹಿಂದೆ ಇದಕ್ಕೆ ಎಮ್ಮೆ, ಕೋಣ, ಎತ್ತುಗಳ ಹದ ಮಾಡಿದ ತೊಗಲುಗಳನ್ನು ಸೇರಿಸಿ ಹೊಲಿದು ಹೊರಮೈಗೆ ಬಿಗಿಯುತ್ತಿದ್ದರು. ತೊಗಲು ನೀರಿನಲ್ಲೇ ಬಿದ್ದಿದ್ದರೆ ಕೊಳೆಯುತ್ತದೆ. ಆದ್ದರಿಂದ ಕೆಲಸ ಮುಗಿದೊಡನೆ ಹರಿಗೋಲನ್ನು ದಂಡೆಗೆ ಎಳೆದು ಬೋರಲು ಹಾಕಿ ಒಣಗಿಸಬೇಕಿತ್ತು. ನನಗೆ ತಿಳುವಳಿಕೆ ಬರುವ ಹೊತ್ತಿಗೆ ತೊಗಲು ಹೋಗಿ ಗೊಬ್ಬರದ ಚೀಲದ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿದ್ದವು, ಈಗ ಕೆಲವು ಕಡೆ ಫೈಬರಿನ ಹರಿಗೋಲುಗಳೂ ಬಂದಿವೆ. ತೊಗಲಿನ ಕಾಲದ ಹರಿಗೋಲಿಗೆ ಮೇದಾರರ ಕೈ, ತೊಗಲು ಹದ ಮಾಡುವವರ ಕೈ, ಅಂಬಿಗರ ಕೈ ಹೀಗೆ ಮೂರು ಕೈಗಳು ಕೂಡಬೇಕಿತ್ತು. ಊರಿನ ಪಂಕ್ತಿಯಲ್ಲಿ ಇವರಾರಿಗೂ ಮುಂದಿನ ಎಲೆ ಇರಲಿಲ್ಲ. ಆದರೆ ಮಡಿಯುಟ್ಟು ನವಬೃಂದಾವನದ ನಡುಗಡ್ಡೆಗೆ ಹೊರಟವರೂ ಸತ್ತ ಎಮ್ಮೆಯ ತೊಗಲಿನ ಮೇಲೆಯೇ ಕುಳಿತು ಹೊಳೆ ದಾಟಬೇಕಿತ್ತು. ನಡುವೆ ಬಿದಿರಿನ ಹೆಣಿಗೆ ಇದೆಯಲ್ಲ ಎಂದು ಅವರು ಸಮಾಧಾನ ಮಾಡಿಕೊಳ್ಳುತ್ತಿದ್ದರೇನೋ.

ಇದರ ಹೊರುವ ಶಕ್ತಿಯನ್ನು ಕಾಗದದ ಮೇಲೆ ಲೆಕ್ಕ ಹಾಕಿದರೆ ಬೆರಗಾಗುತ್ತದೆ. ಮೂರು ಮೀಟರು ಅಗಲದ ಹರಿಗೋಲಿನ ತಳದ ವಿಸ್ತಾರ ಸುಮಾರು ಏಳು ಚದರ ಮೀಟರು. ಅದು ಒಂದು ಸೆಂಟಿಮೀಟರು ನೀರಿಗಿಳಿದರೆ ಸುಮಾರು 70 ಲೀಟರು ನೀರನ್ನು ಸರಿಸುತ್ತದೆ. ಅಂದರೆ 70 ಕಿಲೋ ಭಾರವನ್ನು ಹೊರುತ್ತದೆ. ನಮ್ಮ ಕಡೆಯ 75 ಕಿಲೋ ಭತ್ತದ ಚೀಲ ಒಂದನ್ನು ಇಟ್ಟರೆ ಅದು ಇಳಿಯುವುದು ಒಂದು ಬೆರಳಿನಷ್ಟು ಮಾತ್ರ. ತಳ ಪೂರ್ತಿ ಚಪ್ಪಟೆಯಲ್ಲದ ಕಾರಣ ಈ ಲೆಕ್ಕವನ್ನು ಸ್ವಲ್ಪ ಬಿಗಿ ಹಿಡಿದರೂ, ಇಪ್ಪತ್ತು ಚೀಲ ಹೇರಿದ ಮೇಲೆ ಒಂದು ಗೇಣಿಗಿಂತ ತುಸು ಹೆಚ್ಚು ನೀರಿದ್ದರೆ ಸಾಕು, ಅದು ತೇಲುತ್ತದೆ. ಒಂದೂವರೆ ಟನ್ ಸರಕನ್ನು ಮೊಳಕಾಲುದ್ದದ ನೀರಿನಲ್ಲಿ ಸಾಗಿಸಬಲ್ಲ, ಖಾಲಿಯಾದ ಮೇಲೆ ನಾಲ್ಕು ಜನ ಎತ್ತಿಕೊಂಡು ದಂಡೆ ಏರಬಲ್ಲ ವಾಹನ ಬೇರೆ ಯಾವುದಿದೆ? ದಂಡಿನವರಿಗೆ ಇದರ ಬೆಲೆ ಬೇಗ ತಿಳಿಯಿತು. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ ದಖ್ಖನ್ನಿನಲ್ಲಿ ದಂಡು ನಡೆಸುತ್ತಿದ್ದಾಗ ಬರೆದ ಪತ್ರಗಳಲ್ಲಿ ಈ ಬುಟ್ಟಿ ದೋಣಿಗಳ ಮಾತು ಬರುತ್ತದೆ. ದಖ್ಖನ್ನಿನ ಸುಲ್ತಾನರ ಕಾಲದ ಪಾರಸಿ ಇತಿಹಾಸಕಾರ ಫಿರಿಶ್ತಾನ ಗ್ರಂಥವನ್ನು ಇಂಗ್ಲಿಷಿಗೆ ತಂದ ಬ್ರಿಗ್ಸ್, 1812ರಲ್ಲಿ ಇಂಗ್ಲಿಷ್ ದಂಡೊಂದು ತನ್ನ ಭಾರೀ ತೋಪುಗಳನ್ನು ಗಾಡಿಯಿಂದ ಬಿಚ್ಚದೆಯೇ ತುಂಗಭದ್ರೆಯನ್ನು ಇವುಗಳಲ್ಲಿ ದಾಟಿಸಿತೆಂದು ಟಿಪ್ಪಣಿ ಬರೆದಿದ್ದಾನೆ.

ಹಾಗಾದರೆ ಇಷ್ಟು ಹೊರಬಲ್ಲ ದೋಣಿಗೆ ನಮ್ಮವರು ಒಂದು ಹಾಯಿಯನ್ನು ಏಕೆ ಕಟ್ಟಲಿಲ್ಲ? ಈ ಪ್ರಶ್ನೆ ನನಗೆ ಹುಟ್ಟಿದ್ದು ಇಂಗ್ಲೆಂಡಿನ ಥೇಮ್ಸ್ ಹೊಳೆಯ ಸರಕು ದೋಣಿಗಳ ಚರಿತ್ರೆಯನ್ನು ಓದುವಾಗ. ಅವೂ ಚಪ್ಪಟೆ ತಳದವು. ಸಮುದ್ರದ ನೀರು ಇಳಿದಾಗ ಕೆಸರಿನ ಮೇಲೆ ನೆಟ್ಟಗೆ ಕುಳಿತು, ಸರಕು ಇಳಿಸಿ, ನೀರು ಏರಿದಾಗ ಮತ್ತೆ ತೇಲಿ ಹೊರಡುತ್ತಿದ್ದವು. ಗಾಳಿಗೆ ಅಡ್ಡ ಸರಿದುಹೋಗದಂತೆ ಎರಡು ಮಗ್ಗುಲಿಗೂ ಇಳಿಬಿಡುವ ದೊಡ್ಡ ಹಲಗೆಗಳಿದ್ದವು, ಕೆಮ್ಮಣ್ಣಿನ ಬಣ್ಣದ ಹಾಯಿಗಳಿದ್ದವು, ಅಷ್ಟು ದೊಡ್ಡ ದೋಣಿಯನ್ನು ಒಬ್ಬ ಗಂಡಸು ಮತ್ತು ಒಬ್ಬ ಹುಡುಗ ಸೇರಿ ನಡೆಸಬಹುದಿತ್ತು. ಲಂಡನ್ನಿನ ಕುದುರೆಗಳಿಗೆ ಹಳ್ಳಿಯಿಂದ ಹುಲ್ಲಿನ ಬಣವೆಯನ್ನೇ ಹೇರಿಕೊಂಡು ಹೋಗಿ, ಬರುವಾಗ ಅದೇ ಕುದುರೆಗಳ ಲದ್ದಿಯನ್ನು ಹೊಲಗಳಿಗೆ ತರುತ್ತಿದ್ದವು. 1900ರ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಇದ್ದ ಅವುಗಳಲ್ಲಿ ಬರೀ ಗಾಳಿಯ ಬಲದಿಂದ ಸರಕು ಸಾಗಿಸಿದ ಕಟ್ಟಕಡೆಯದು ಕೇಂಬ್ರಿಯಾ. ಅದೂ 1970ರಲ್ಲಿ ನಿಂತಿತು.

ಉತ್ತರ ನಮ್ಮ ಗಾಳಿಯಲ್ಲೇ ಇದೆಯೆಂದು ನನ್ನ ಎಣಿಕೆ. ನೈಲ್ ನದಿ ಉತ್ತರಕ್ಕೆ ಹರಿಯುತ್ತದೆ, ಅಲ್ಲಿನ ಗಾಳಿ ಉತ್ತರದಿಂದ ಬೀಸುತ್ತದೆ. ಆದ್ದರಿಂದ ಈಜಿಪ್ಟಿನವನು ಹೋಗುವಾಗ ನೀರಿನೊಡನೆ ತೇಲಿ, ಬರುವಾಗ ಹಾಯಿ ಬಿಚ್ಚಿ ಹೊಳೆ ಏರಿ ಬಂದ. ನಮ್ಮಲ್ಲಿ ಹೊಳೆ ತುಂಬುವುದು ಮುಂಗಾರಿನಲ್ಲಿ. ಆಷಾಢದ ಗಾಳಿ ಪಡುವಣದಿಂದ ಮೂಡಣಕ್ಕೆ ಬೀಸುತ್ತದೆ, ಹೊಳೆಯೂ ಮೂಡಣಕ್ಕೇ ಹರಿಯುತ್ತದೆ. ನೀರು ಎಲ್ಲಿಗೆ ಎಳೆಯುತ್ತದೆಯೋ ಗಾಳಿಯೂ ಅಲ್ಲಿಗೇ ನೂಕುತ್ತದೆ. ಹಾಯಿ ಕಟ್ಟಿದವನು ಇನ್ನಷ್ಟು ಬೇಗ ಬಂಡೆಗೆ ಬಡಿಯುತ್ತಿದ್ದನೇ ಹೊರತು ಮರಳಿ ಮನೆಗೆ ಬರುತ್ತಿರಲಿಲ್ಲ. ಮುಂಗಾರು ಕಳೆದು ಗಾಳಿಯ ದಿಕ್ಕು ಬದಲಾದ ಮೇಲೆ ಹೊಳೆಯ ನೀರೂ ಇಳಿಯತೊಡಗುತ್ತಿತ್ತು. ಹೀಗಾಗಿ ನಮ್ಮ ಸರಕಿನ ದೋಣಿ ಹೊಳೆಯ ಉದ್ದಕ್ಕೆ ದೂರದ ಯಾನ ಮಾಡುವ ಹಟವನ್ನು ಬಿಟ್ಟು, ಈ ದಡದಿಂದ ಆ ದಡಕ್ಕೆ ಅಡ್ಡ ದಾಟುವುದನ್ನೇ ತನ್ನ ಕಾಯಕ ಮಾಡಿಕೊಂಡಿತು. ಇದೇ ಕುಲದ ಇನ್ನೊಂದು ದೋಣಿಯ ಕಥೆಯನ್ನು ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುತ್ತಾನೆ. ಹೊಳೆಯ ಮೇಲ್ಭಾಗದಿಂದ ತೊಗಲು ಹೊದಿಸಿದ ದುಂಡು ದೋಣಿಗಳಲ್ಲಿ ಮದ್ಯದ ಪೀಪಾಯಿಗಳನ್ನು ಹೇರಿಕೊಂಡು ಬ್ಯಾಬಿಲೋನಿಗೆ ಬರುವ ವ್ಯಾಪಾರಿಗಳು, ಜೊತೆಯಲ್ಲಿ ಒಂದು ಕತ್ತೆಯನ್ನೂ ತರುತ್ತಿದ್ದರಂತೆ. ಸರಕನ್ನೂ ದೋಣಿಯ ಚೌಕಟ್ಟನ್ನೂ ಅಲ್ಲಿಯೇ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ನಡೆದು ಮರಳುತ್ತಿದ್ದರು. ಸೆಳವಿನ ವಿರುದ್ಧ ದುಂಡು ದೋಣಿ ಏರದು ಎಂಬ ಸತ್ಯ ಅಲ್ಲಿಯೂ ಇಲ್ಲಿಯೂ ಒಂದೇ.

ಅಡ್ಡ ದಾಟುವುದೆಂದರೆ ಸಣ್ಣ ಮಾತಲ್ಲ, ಏಕೆಂದರೆ ಈ ಹೊಳೆ ಬಹುಕಾಲ ಎರಡು ಸರ್ಕಾರಗಳ ನಡುವಿನ ಗಡಿಯಾಗಿತ್ತು. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ತುಂಗಭದ್ರೆಯ ತೆಂಕಣ ದಡ ಮದ್ರಾಸಿನ ಆಡಳಿತಕ್ಕೂ ಬಡಗಣ ದಡ ಹೈದರಾಬಾದಿಗೂ ಸೇರಿದವು. ಕೊಪ್ಪಳ, ಗಂಗಾವತಿ, ರಾಯಚೂರಿನ ಕಡೆ ನಿಜಾಮರ ‘ಹಾಲಿ ಸಿಕ್ಕಾ’ ರೂಪಾಯಿ. ಹೊಸಪೇಟೆ, ಕಂಪ್ಲಿ, ಬಳ್ಳಾರಿಯ ಕಡೆ ಇಂಗ್ಲಿಷರ ರೂಪಾಯಿ. ನಿಜಾಮರ ಸುಂಕದ ಇಲಾಖೆಗೆ ಕರೋಡಗಿರಿ ಎಂದು ಹೆಸರು, ದಂಡೆಯುದ್ದಕ್ಕೂ ಅದರ ನಾಕಾಗಳ ಅಂಜಿಕೆ. ಈ ಕಡೆಯ ಶೇಂಗಾ ಆ ಕಡೆಯ ಪೇಟೆಗೆ ಹೋಗಬೇಕಾದರೆ ಹರಿಗೋಲು ಪರರಾಜ್ಯಕ್ಕೆ ಹೊರಟ ಹಡಗೇ ಆಗುತ್ತಿತ್ತು. ಅಂಬಿಗನಿಗೆ ಎರಡೂ ನಾಣ್ಯ ಗೊತ್ತಿರಬೇಕು, ಎರಡೂ ದಡದ ಜವಾನರು ಗೊತ್ತಿರಬೇಕು. ಕತ್ತಲೆಯಲ್ಲಿ ಯಾವ ಬಂಡೆಯ ಮರೆಯಲ್ಲಿ ಇಳಿಯಬಹುದು ಎಂಬುದೂ ಗೊತ್ತಿದ್ದರೆ ಅದು ಅವನ ಹೆಚ್ಚುಗಾರಿಕೆ. ಅಜ್ಜ ಈ ಕೊನೆಯ ವಿಷಯ ಬಂದಾಗಲೆಲ್ಲ ಮಾತು ನಿಲ್ಲಿಸಿ ಎಲೆಯಡಿಕೆಯ ಚಂಚಿ ಬಿಚ್ಚುತ್ತಿದ್ದ.

ಅವನು ಬಾಯಿ ಬಿಟ್ಟು ಹೇಳುತ್ತಿದ್ದ ಕಥೆ ಹನ್ನೆರಡು ಚೀಲ ಶೇಂಗಾದ್ದು. ಹೊಳೆ ಬಂದು ಇಳಿಯುತ್ತಿದ್ದ ದಿನಗಳಲ್ಲಿ, ಹೊಸಪೇಟೆಯ ಸಂತೆಗೆ ಮುಟ್ಟಿಸಬೇಕೆಂದು ತೆಂಕಣ ದಡದ ತಳವಾರಘಟ್ಟದ ಕಡೆಗೆ ಶೇಂಗಾ ಹೇರಿಕೊಂಡು ಹೊರಟಾಗ, ತೊಗಲಿನ ಹೊಲಿಗೆಯೊಂದು ನಡುಹೊಳೆಯಲ್ಲಿ ಬಿಚ್ಚಿತಂತೆ. ಅಂಬಿಗ ಹುಟ್ಟು ಬಿಡುವಂತಿಲ್ಲ. ಬಿಟ್ಟರೆ ಹರಿಗೋಲು ತಿರುಗುತ್ತದೆ, ತಿರುಗಿದರೆ ಹೇರು ಒಂದು ಕಡೆಗೆ ವಾಲುತ್ತದೆ. ಅಜ್ಜ ತನ್ನ ರುಮಾಲು ಬಿಚ್ಚಿ ಕಿಂಡಿಗೆ ತುರುಕಿ, ಅದರ ಮೇಲೆ ತಾನೇ ಕುಳಿತು, ಎರಡೂ ಕೈಯಿಂದ ನೀರು ಎತ್ತಿ ಚೆಲ್ಲುತ್ತ ದಡ ಮುಟ್ಟಿದನಂತೆ. ತಳದ ನಾಲ್ಕು ಚೀಲ ತೊಯ್ದವು, ಸಂತೆಯಲ್ಲಿ ಅವನ್ನು ಕೇಳಿದವರಿಲ್ಲ. ಅಂಬಿಗನಿಗೆ ಕೂಲಿ ಕೊಡುವುದೋ ಬಿಡುವುದೋ ಎಂದು ದಂಡೆಯ ಮೇಲೆ ಜಗಳವಾಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವವರೇ ಊರಲ್ಲಿ ಹೆಚ್ಚು. ಆದರೆ ಅಜ್ಜ ಅರ್ಧ ಕೂಲಿ ಕೊಟ್ಟ, ಉಳಿದರ್ಧಕ್ಕೆ ತೊಯ್ದ ಶೇಂಗಾವನ್ನೇ ಅಳೆದು ಹಾಕಿದ. ಆ ಅಂಬಿಗನ ಮನೆಯವರು ಅದನ್ನು ಹುರಿದು ತಿಂಗಳುಗಟ್ಟಲೆ ತಿಂದದ್ದನ್ನು ಹೇಳುವಾಗ ಅವನಿಗೆ ನಗು ತಡೆಯಲು ಆಗುತ್ತಿರಲಿಲ್ಲ.

ಸರಕು ಹರಿಗೋಲನ್ನು ಬಿಟ್ಟು ಹೋದದ್ದು ಒಂದೇ ದಿನದಲ್ಲಲ್ಲ. 1871ರಲ್ಲಿ ಬೊಂಬಾಯಿಯ ಕಡೆಯ ರೈಲು ಮತ್ತು ಮದ್ರಾಸಿನ ಕಡೆಯ ರೈಲು ರಾಯಚೂರಿನಲ್ಲಿ ಕೂಡಿದಾಗ, ಕೃಷ್ಣೆಯ ಮೇಲಿನ ಕಬ್ಬಿಣದ ಸೇತುವೆ ದೂರದ ಸರಕನ್ನು ಎತ್ತಿಕೊಂಡಿತು. ಹತ್ತಿರದ ಸರಕು ಇನ್ನೂ ಬಹುಕಾಲ ಅಂಬಿಗರ ಪಾಲಿಗೇ ಉಳಿಯಿತು. ನಿಜವಾದ ತಿರುವು ಬಂದದ್ದು ಅಣೆಕಟ್ಟಿನೊಡನೆ. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ನೀರು ಹಿಡಿಯಿತು. ಎಡದಂಡೆಯ ಕಾಲುವೆ ಗಂಗಾವತಿ, ಸಿಂಧನೂರುಗಳ ಎರೆ ಹೊಲಗಳನ್ನು ಗದ್ದೆ ಮಾಡಿತು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು, ಭತ್ತದ ಚೀಲಗಳು ಎಣಿಸಲಾರದಷ್ಟಾದವು. ಹೇರು ಇಷ್ಟು ಬೆಳೆದದ್ದು ಇತಿಹಾಸದಲ್ಲಿ ಅದೇ ಮೊದಲು, ಅದನ್ನು ಹೊರಲು ಹರಿಗೋಲನ್ನು ಯಾರೂ ಕರೆಯದೇ ಹೋದದ್ದೂ ಅದೇ ಮೊದಲು. ಭತ್ತದ ಜೊತೆಗೆ ರಸ್ತೆ ಬಂತು, ಲಾರಿ ಬಂತು. ಹೊಳೆಯೂ ಹಳೆಯ ಹೊಳೆಯಾಗಿ ಉಳಿಯಲಿಲ್ಲ. ಮೊದಲು ಅಂಬಿಗ ಮಲೆನಾಡಿನ ಮಳೆಯ ಸುದ್ದಿ ಕೇಳಿ, ನೀರಿನ ಕೆಂಪು ನೋಡಿ, ನಾಳೆ ಹೊಳೆ ಎಷ್ಟು ಬರುತ್ತದೆಂದು ಹೇಳುತ್ತಿದ್ದ. ಈಗ ಅಣೆಕಟ್ಟಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರೆಂದು ಮೊಬೈಲಿನಲ್ಲಿ ನೋಡುತ್ತಾನೆ. ಪುರಂದರ ಮಂಟಪ ಮುಳುಗಿತೆಂಬ ಸುದ್ದಿ ಪತ್ರಿಕೆಯಲ್ಲಿ ಬಂದರೆ ಹರಿಗೋಲು ಬೋರಲು ಬಿದ್ದಿತೆಂದೇ ತಿಳಿಯಬೇಕು.

ಆನೆಗೊಂದಿಯ ಘಟ್ಟಕ್ಕೆ ಮಾತ್ರ ಇತಿಹಾಸವೇ ಒಂದಿಷ್ಟು ಹೆಚ್ಚುವರಿ ಆಯುಷ್ಯ ಕೊಟ್ಟಿತು. ತಳವಾರಘಟ್ಟದ ಬಳಿ ಕಟ್ಟತೊಡಗಿದ ಸೇತುವೆ ಹಂಪಿಯ ಸ್ಮಾರಕಗಳ ನೋಟಕ್ಕೆ ಧಕ್ಕೆ ತರುತ್ತದೆಂಬ ಆಕ್ಷೇಪ ಎದ್ದು, ಯುನೆಸ್ಕೋ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. 2006ರಲ್ಲಿ ಆ ಪಟ್ಟಿಯಿಂದ ಹಂಪಿ ಹೊರಬಂತು. ಮತ್ತೆ ಕೆಲಸ ನಡೆಯುತ್ತಿದ್ದಾಗ 2009ರ ಜನವರಿಯಲ್ಲಿ ಸೇತುವೆ ಕುಸಿದು ಕೂಲಿಕಾರರು ಸತ್ತರು. ಆ ವರ್ಷಗಳಲ್ಲೆಲ್ಲ ಬೈಕು, ಸೈಕಲ್ಲು, ಕುರಿ, ಹಾಲಿನ ಕ್ಯಾನು, ಬಾಳೆಗೊನೆ ಎಲ್ಲವೂ ಹರಿಗೋಲಿನಲ್ಲೇ ದಾಟುತ್ತಿದ್ದವು. ಮುಂದೆ ಕೆಳಗೆ ಕಡೇಬಾಗಿಲು ಮತ್ತು ಬುಕ್ಕಸಾಗರದ ನಡುವೆ ಸೇತುವೆಯಾದ ಮೇಲೆ ಈ ಘಟ್ಟವೂ ತಣ್ಣಗಾಯಿತು. ಸೇತುವೆ ಬೇಡವಿತ್ತೆಂದು ನಾನು ಹೇಳಲಾರೆ. ಹೆರಿಗೆ ನೋವಿನಲ್ಲಿದ್ದ ಹೆಂಗಸನ್ನು ರಾತ್ರಿ ಹೊಳೆ ದಾಟಿಸಬೇಕಾಗಿದ್ದ ಮನೆಯವರ ಎದುರು ನಿಂತು ಹಾಗೆ ಹೇಳುವ ಧೈರ್ಯ ನನಗಿಲ್ಲ.

ರಾಯಚೂರಿನ ಕೃಷ್ಣೆಯಲ್ಲಿ ಹರಿಗೋಲು ಇನ್ನೂ ಪೂರ್ತಿ ಆಟಿಕೆಯಾಗಿಲ್ಲ. ಅಲ್ಲಿ ತೆಲುಗಿನ ನೆರೆಯಿಂದಾಗಿ ಅದನ್ನು ಪುಟ್ಟಿ ಎಂದೂ ಕರೆಯುತ್ತಾರೆ. ಕುರವಪುರಕ್ಕೆ ಹೋಗುವ ಭಕ್ತರು ಹೊಳೆ ದಾಟುತ್ತ ಬಂದದ್ದು ಅದರಲ್ಲೇ. ಲಿಂಗಸುಗೂರು ತಾಲೂಕಿನ ನಡುಗಡ್ಡೆಗಳ ಕಥೆ ಬೇರೆ. ನಾರಾಯಣಪುರದ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಡದರಗಡ್ಡಿ, ಯರಗೋಡಿಯಂಥ ಊರುಗಳಿಗೆ ದಾರಿ ಮುಚ್ಚುತ್ತದೆ, ಪ್ರತಿ ಮಳೆಗಾಲದ ಸುದ್ದಿಯೂ ಅದೇ. ನೀರು ತುಸು ಇಳಿಯುತ್ತಿದ್ದಂತೆ ಅಲ್ಲಿಗೆ ಮೊದಲು ಹೋಗುವುದು ಔಷಧ, ಅಕ್ಕಿ, ಗೊಬ್ಬರ ಹೇರಿದ ದುಂಡು ದೋಣಿ.

ಕಳೆದ ವರ್ಷ ತಳವಾರಘಟ್ಟದಲ್ಲಿ ನಾನು ಆನೆಗೊಂದಿಯ ಕಡೆಗೆ ದಾಟಲು ನಿಂತಿದ್ದಾಗ ಅಂಬಿಗ ಹಿರಿಯರೊಬ್ಬರ ಹರಿಗೋಲಿನಲ್ಲಿ ಆಗಲೇ ಒಂದು ಬೈಕು, ಎರಡು ಗೊಬ್ಬರದ ಚೀಲ ಮತ್ತು ಬೆಂಗಳೂರಿನ ಕಡೆಯ ಇಬ್ಬರು ಹುಡುಗರಿದ್ದರು. ಹಿರಿಯರು ಬೈಕನ್ನು ನಡುವೆ ನಿಲ್ಲಿಸಿ, ಅದರ ಚಕ್ರದ ಎರಡು ಬದಿಗೂ ಒಂದೊಂದು ಚೀಲ ಒತ್ತಿ, ನನ್ನ ಮೈಕಟ್ಟನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, “ನೀವು ಈ ಕಡೆ ಕೂಡ್ರಿ ಸರ, ತೂಕ ಸಮ ಆಕ್ಕೈತಿ” ಎಂದು ಜಾಗ ತೋರಿಸಿದರು. ಗಳದಿಂದ ದಂಡೆಯ ಕಲ್ಲನ್ನು ನೂಕಿ, ಕುಕ್ಕರಗಾಲಿನಲ್ಲಿ ಮುಂದಿನ ಅಂಚಿಗೆ ಕುಳಿತು ಹುಟ್ಟು ಹಿಡಿದರು. ಮೊದಲು ದಂಡೆಯ ಪಕ್ಕದಲ್ಲೇ ಮೇಲಕ್ಕೆ ಇಪ್ಪತ್ತು ಮಾರು ಹೋದರು. ಸೆಳವು ಕೆಳಗೆ ಎಳೆಯುವಷ್ಟನ್ನು ಮೊದಲೇ ಕೂಡಿಟ್ಟುಕೊಳ್ಳುವ ಲೆಕ್ಕ ಅದು. ನಡುಹೊಳೆಯಲ್ಲಿ ಹುಡುಗರಲ್ಲೊಬ್ಬ ಮೊಬೈಲು ಎತ್ತಿ ಹಿಡಿದು, “ಅಂಕಲ್, ಒಂದ್ಸಲ ತಿರುಗಿಸಿ” ಎಂದ. ಅವರು ತಿರುಗಿ ನೋಡಲಿಲ್ಲ. ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಮ್ಮ ಕಡೆಗೆ ಎಳೆದುಕೊಳ್ಳುತ್ತ, ಎದುರಿನ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸಿನ ಪಕ್ಕದ ಕಲ್ಲಿಗೆ ಕಣ್ಣು ನೆಟ್ಟು, “ಗೊಬ್ಬರ ಐತ್ರೀ ತಮ್ಮಾ” ಎಂದಷ್ಟೇ ಹೇಳಿದರು. ಹರಿಗೋಲು ನೆಟ್ಟಗೆ ಆ ಕಲ್ಲಿಗೇ ಹೋಗಿ ತಾಗಿತು.